ಹರಳೆಣ್ಣೆ ಹಚ್ಚಿದ ತಿರುಪು

ಹುಣಸೇಬೀಜಕ್ಕಿಂತ ತುಸು ದೊಡ್ಡದಾದ ಕಪ್ಪು ಸ್ವಿಚ್ಚೊಂದು ನನ್ನ ಮೇಜಿನ ಮೇಲೆ ಬಿದ್ದಿದೆ. ಹುಣಸೂರಿನ ನಮ್ಮ ವೆಲ್ಡಿಂಗ್ ಅಂಗಡಿಯ ಮಿಗ್ ಗನ್ನಿನ ಹಿಡಿಯೊಳಗಿಂದ ಮಗಳು ಸಾವಿತ್ರಿ ಮೊನ್ನೆ ಬಿಚ್ಚಿ ತೆಗೆದದ್ದು. ಒತ್ತಿದರೆ ಈಗಲೂ ಟಿಕ್ ಅನ್ನುತ್ತದೆ. ಹತ್ತು ಸಲ ಒತ್ತಿದರೆ ನಾಲ್ಕು ಸಲ ಮಾತ್ರ ಕೆಲಸ ಮಾಡುತ್ತದೆ. ಮಿಗ್ ಗನ್ನು ನೋಡದವರಿಗಾಗಿ ಹೇಳುತ್ತೇನೆ. ಅದರ ಹಿಡಿಯಲ್ಲಿ ಬಂದೂಕಿಗಿರುವಂಥ ಕುದುರೆಯಿದೆ. ಒತ್ತಿದರೆ ತಂತಿ ತಾನಾಗಿ ಮುಂದೆ ಬಂದು ಕರಗಿ ಬೆಸುಗೆಯಾಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಒಳಗಿನ ಸ್ವಿಚ್ಚು ಸವೆದರೆ ಬೆಸುಗೆ ತೊದಲುತ್ತದೆ.

ಇಂಥ ಹೊತ್ತಿನಲ್ಲಿ ಮಾರುವವನು ಇಡೀ ಗನ್ನನ್ನೇ ಕೊಳ್ಳಿ ಅನ್ನುತ್ತಾನೆ. ಒಪ್ಪಬೇಡಿ. ಮೆಷಿನ್ನಿನ ಕರೆಂಟು ಪೂರ್ತಿ ತೆಗೆಯಿರಿ, ಹಿಡಿಯನ್ನು ಬಿಚ್ಚಿ, ಅದೇ ಅಳತೆಯ ಹೊಸ ಸ್ವಿಚ್ಚಿಗೆ ಎರಡು ವೈರು ಸೇರಿಸಿ, ಹಿಡಿಯ ಹೋಳುಗಳ ನಡುವೆ ವೈರು ನಲುಗದಂತೆ ಮುಚ್ಚಿ. ಕಾಲು ಗಂಟೆಯ ಕೆಲಸ. ಆದರೆ ಸ್ವಿಚ್ಚು ಸಿಗಲಿಲ್ಲವೆಂದು ಆ ಎರಡು ವೈರುಗಳನ್ನೇ ಒಂದಕ್ಕೊಂದು ಸುತ್ತಿಬಿಡಬೇಡಿ. ಆಗ ಗನ್ನು ಕೆಳಗಿಟ್ಟರೂ ತಂತಿ ಉಕ್ಕುತ್ತಲೇ ಇರುತ್ತದೆ. ಯಾರ ಕಾಲಿಗೋ, ಯಾರ ಕಣ್ಣಿಗೋ.

ಈ ಬುದ್ಧಿ ನನಗೆ ಹುಟ್ಟಿನಿಂದ ಬಂದದ್ದಲ್ಲ.

ಐವತ್ತರ ದಶಕದಲ್ಲಿ ನನ್ನ ತಗಡಿನ ಶೆಡ್ಡಿಗೆ ಕರೆಂಟೇ ಇರಲಿಲ್ಲ. ಮೈಸೂರಿನಲ್ಲಿ ಕಲಿತು ಬಂದ ಗ್ಯಾಸ್ ವೆಲ್ಡಿಂಗು, ಒಂದು ಆಕ್ಸಿಜನ್ ಸಿಲಿಂಡರು, ನೀರು ತಗುಲಿಸಿ ಗ್ಯಾಸು ಹುಟ್ಟಿಸಲು ಕಾರ್ಬೈಡು ತುಂಬುವ ಡಬ್ಬ, ಉರಿ ಉಗುಳುವ ಹಿತ್ತಾಳೆಯ ಟಾರ್ಚು, ಇಷ್ಟೇ ನನ್ನ ಬಂಡವಾಳ. ಟಾರ್ಚಿಗೆ ಆಕ್ಸಿಜನ್ ಬಿಡುವ ತಿರುಪು ಸವೆದು ಹೋಗಿತ್ತು. ಒಮ್ಮೆ ಸಡಿಲ, ಒಮ್ಮೆ ಕಚ್ಚಿಕೊಳ್ಳುವುದು. ಮೈಸೂರಿನ ಅಂಗಡಿಯಲ್ಲಿ ಅರ್ಧ ದಿನ ಚೌಕಾಸಿ ಮಾಡಿ ಹೊಸ ತಿರುಪು ತಂದಿದ್ದೆ. ತಂದವನು ಹಾಕಿದೆನೆ? ಹಳೆಯದು ಇನ್ನೂ ತಿರುಗುತ್ತಿದೆಯಲ್ಲ ಎಂದು ಹೊಸದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟೆ. ಜಾಣತನ ಅಳತೆ ಮೀರಿದರೆ ಹೀಗಾಗುತ್ತದೆ.

ಒಂದು ದಿನ ಹೊಸ ಅಗ್ರಹಾರದ ಕಡೆಯ ಆಲೆಮನೆಯೊಂದರಿಂದ ಗಾಡಿ ಬಂತು. ಬೆಲ್ಲ ಕಾಯಿಸುವ ಕೊಪ್ಪರಿಗೆ ತಳದಲ್ಲಿ ಬಿರುಕು ಬಿಟ್ಟಿದೆ, ಬಂದು ಬೆಸೆದು ಕೊಡಬೇಕೆಂದು. ಸಾಮಾನು ಹೇರಿಕೊಂಡು ಅದೇ ಗಾಡಿಯಲ್ಲಿ ಹೋದೆ. ಅಂದಿನ ಸರದಿ ನಿಂಗಮ್ಮ ಎಂಬಾಕೆಯದು. ಹಿಂದಿನ ದಿನವೇ ಕಬ್ಬು ಕಡಿಸಿ ಅಂಗಳಕ್ಕೆ ತಂದು ಹಾಕಿದ್ದಳು. ಅಲ್ಲಿಯ ಕಟ್ಟಳೆ ಏನೆಂದರೆ, ದೀಪ ಹಚ್ಚುವ ಹೊತ್ತಿಗೆ ಒಲೆ ಹೊತ್ತಿಸದಿದ್ದವರ ಸರದಿ ಕೊನೆಗೆ ಹೋಗುತ್ತದೆ. ಬೆಳಗಾದರೆ ಮುಂದಿನವರು ಪಕ್ಕದೂರಿನ ಕೊಪ್ಪರಿಗೆ ತರಿಸಿಕೊಂಡು ತಮ್ಮ ಕಬ್ಬು ಅರೆಯಲಿದ್ದರು. ನಿಂಗಮ್ಮನ ಕಬ್ಬು ಎಂಟು ದಿನ ಬಿಸಿಲಿನಲ್ಲಿ ಒಣಗಬೇಕಿತ್ತು.

ಕಚ್ಚಿಕೊಂಡಿದ್ದ ತಿರುಪಿನೊಡನೆ ಒಂದಷ್ಟು ಹೊತ್ತು ಗುದ್ದಾಡಿ ಟಾರ್ಚು ಕೆಳಗಿಟ್ಟೆ. ಬಿರುಕನ್ನು ಉಜ್ಜಿ ಹಸನು ಮಾಡಿ, ಕೈ ತೊಳೆದು ಬಂದು ಟಾರ್ಚು ಎತ್ತಿದೆ. ಹರಳೆಣ್ಣೆಯ ವಾಸನೆ. ತಿರುಪು ಬೆಣ್ಣೆಯಂತೆ ತಿರುಗಿತು. ಹೊತ್ತಿಸದೆ ಟಾರ್ಚನ್ನು ಕೆಳಗಿಟ್ಟೆ.

ಆಲೆಮನೆಯಲ್ಲಿ ತಿರುಗುವುದಕ್ಕೆಲ್ಲ ಹರಳೆಣ್ಣೆ ಬೀಳುತ್ತದೆ: ಗಾಣಕ್ಕೆ, ಗಾಡಿಯ ಅಚ್ಚಿಗೆ, ಬಾಗಿಲ ತಿರುಗಣಿಗೆ. ಬೆಲ್ಲದ ಪಾಕ ನೋಡುವ ಹಿರಿಯರು ಕಾಳಪ್ಪ ಅಲ್ಲೇ ಎಣ್ಣೆಯ ಗಿಂಡಿ ಹಿಡಿದು ನಿಂತಿದ್ದರು.

“ಕಾಳಪ್ಪಣ್ಣ, ಇದುಕ್ಕೆ ಎಣ್ಣೆ ಆಕುದ್ರಾ?”

“ಊಂ ಕಣ್ಲಾ. ಪಾಪ, ನೀನು ಆಗ್ಲಿಂದ ತಿಣುಕ್ತಿದ್ದೆ. ತಿರುಗೋದುಕ್ಕೆ ಎಣ್ಣೆ ಬ್ಯಾಡ್ವಾ?”

ಒತ್ತಡದ ಆಕ್ಸಿಜನ್ನಿಗೆ ಎಣ್ಣೆ ತಗುಲಿದರೆ ಟಾರ್ಚು ಕೈಯಲ್ಲೇ ಸಿಡಿಯಬಹುದೆಂದು ವಿವರಿಸಿದೆ. ಹಿಂದೆ ನಿಂತಿದ್ದವನೊಬ್ಬ, ಇವ್ನಿಗೆ ಬೆಸುಗೆ ಬರಾಕಿಲ್ಲ, ಎಣ್ಣೆ ಮೇಲೆ ಆಕ್ತಾವ್ನೆ ಎಂದು ನಗಾಡಿದ. ನಿಜ ಹೇಳುತ್ತೇನೆ, ಬಟ್ಟೆಯಲ್ಲಿ ಒರೆಸಿ ಹೊತ್ತಿಸಿಬಿಡೋಣ ಎಂಬ ಆಸೆ ಒಂದು ಗಳಿಗೆ ಬಂದಿತ್ತು. ಹೊಸಬ ನಾನು, ಆ ಸುತ್ತಿನಲ್ಲಿ ಒಮ್ಮೆ ಹೆಸರು ಕೆಟ್ಟರೆ ಇನ್ನೊಂದು ಗಾಡಿ ಬರುತ್ತಿರಲಿಲ್ಲ. ತಪ್ಪನ್ನು ಕಾಳಪ್ಪನವರ ತಲೆಗೆ ಕಟ್ಟಿ ಮನೆಗೆ ಹೋಗುವುದೂ ಸುಲಭವಿತ್ತು. ಆದರೆ ಕಬ್ಬಿನ ರಾಶಿಯ ಮೇಲೆ ಕುಳಿತ ನಿಂಗಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು.

“ತಿರುಪು ಹಳೇದು, ತಪ್ಪು ನಂದು ಕಣವ್ವ,” ಎಂದೆ. “ಹೊಸದ ಹುಣಸೂರಲ್ಲಿ ಮಡಗಿದೀನಿ.”

“ದೀಪ ಅಚ್ಚೋದ್ರೊಳ್ಗೆ ಬಂದೀಯಾ, ಮಗ?”

“ಬತ್ತೀನಿ.”

ಟಾರ್ಚನ್ನು ಬಿಚ್ಚಿ, ಸವೆದ ಸಂದಿಗೆಲ್ಲ ಎಣ್ಣೆ ಇಳಿದಿದ್ದ ಹಳೆಯ ತಿರುಪನ್ನು ಎಸೆದು, ಉಳಿದದ್ದನ್ನು ಒಲೆಯ ಬೂದಿ ಕದಡಿದ ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದೆ. ಒಣಗಲು ಬಿಸಿಲಿಗಿಟ್ಟು, ಯಾರೂ ಮುಟ್ಟದಂತೆ ಕಾಳಪ್ಪನವರನ್ನೇ ಕಾವಲಿಗೆ ಕೂರಿಸಿದೆ. ಯಾರದೋ ಸೈಕಲ್ಲು ಇಸಿದುಕೊಂಡು ಹೊರಟೆ. ಹುಣಸೂರು ಮುಟ್ಟಿ, ಪೆಟ್ಟಿಗೆ ತೆರೆದು, ಬಟ್ಟೆಯ ಗಂಟು ಜೇಬಿಗಿಟ್ಟುಕೊಂಡು ಅದೇ ಉಸಿರಿನಲ್ಲಿ ತಿರುಗಿದೆ. ದಾರಿಯುದ್ದಕ್ಕೂ ಬೈದುಕೊಂಡದ್ದು ನನ್ನನ್ನೇ. ಆಲೆಮನೆ ಸೇರಿದಾಗ ನೆರಳು ಉದ್ದವಾಗಿತ್ತು. ಕಾಳಪ್ಪ ಕೂತಲ್ಲಿಂದ ಎದ್ದಿರಲಿಲ್ಲ. ಹೊಸ ತಿರುಪು ಕೂರಿಸಿ ಉರಿ ಹಚ್ಚಿದೆ. ನೀಲಿ ನಾಲಿಗೆ ಅಲುಗದೆ ನಿಂತಿತು. ಬಿರುಕು ಒಂದೇ ಗೆರೆಯಾಗಿ ಮುಚ್ಚಿತು.

ಹಟ್ಟಿಗಳಲ್ಲಿ ದೀಪ ಕಾಣುವ ಮೊದಲೇ ನಿಂಗಮ್ಮನ ಒಲೆ ಹೊತ್ತಿತು. ಹಾಲು ಸುರಿದ ಮೇಲೆ (ಕಬ್ಬಿನ ರಸವನ್ನು ನಮ್ಮ ಕಡೆ ಹಾಲು ಅನ್ನುತ್ತಾರೆ) ಕಾಳಪ್ಪ ಬಗ್ಗಿ ಒಲೆಯ ಬಾಯಿಯಿಂದ ತಳವನ್ನು ಬಹಳ ಹೊತ್ತು ನೋಡಿದರು. “ಒಂದ್ ತೊಟ್ಟೂ ಸೋರ್ತಿಲ್ಲ ಕಣವ್ವ,” ಎಂದರು. ಆ ಹಂಗಾಮಿನಲ್ಲಿ ಆ ಕಡೆಯಿಂದ ಇನ್ನೂ ಆರು ಕೊಪ್ಪರಿಗೆ ನನ್ನ ಶೆಡ್ಡಿಗೆ ಬಂದವು.

ಈ ಕತೆಯನ್ನು ಮನೆಯಲ್ಲಿ ನೂರು ಸಲ ಹೇಳಿದ್ದೇನೆ. ಸೈಕಲ್ ತುಳಿದ ಭಾಗವನ್ನು ಮಾತ್ರ. ಪೆಟ್ಟಿಗೆಯಲ್ಲಿ ಹೊಸ ತಿರುಪು ಮಲಗಿತ್ತೆಂಬುದನ್ನು ಮನೆಯವರಿಗೆ ಇಂದೇ ಒಪ್ಪಿಕೊಳ್ಳುತ್ತಿರುವುದು.

ಮೊನ್ನೆ ಸ್ವಿಚ್ಚು ಕೈಕೊಟ್ಟಾಗ ಅಂಗಡಿಯಲ್ಲಿ ಕಂಪಲಾಪುರದವನೊಬ್ಬನ ಟ್ರೇಲರು ಅರ್ಧ ಬೆಸೆದು ನಿಂತಿತ್ತು. ಹೊಸ ಸ್ವಿಚ್ಚು ಮೈಸೂರಿನಿಂದ ಮರುದಿನ ಬರಬೇಕು. ಅವನಿಗೆ ಅವಸರ. ಎರಡು ವೈರು ಸುತ್ತಿ ಮುಗಿಸಿಬಿಡಮ್ಮ, ಎಲ್ಲರೂ ಹಾಗೇ ಮಾಡುತ್ತಾರೆ, ಇಲ್ಲವಾದರೆ ಬೇರೆ ಅಂಗಡಿಗೆ ಎಳೆದುಕೊಂಡು ಹೋಗುತ್ತೇನೆ ಎಂದ.

“ಆಗಲ್ಲ ಕಣಣ್ಣ,” ಎಂದಳು ಸಾವಿತ್ರಿ. “ನಾಳೆ ಸ್ವಿಚ್ಚು ಬತ್ತದೆ, ನಾಡಿದ್ದು ಗಾಡಿ ತಗಂಡೋಗಿ.”

ಅವನು ನನ್ನತ್ತ ತಿರುಗಿದ. “ಯಜಮಾನ್ರೇ, ನೀವಾದ್ರೂ ಒಂದ್ ಮಾತೇಳಿ.”

ಎಂಬತ್ತು ದಾಟಿದ ನನ್ನ ಬಾಯಲ್ಲಿ ಯಾವ ಹೊತ್ತಿಗೂ ಒಂದು ಸಲಹೆ, ಒಂದು ಚೌಕಾಸಿ ಸಿದ್ಧವಿರುತ್ತದೆ. ಅಂದು ಯಾವುದೂ ಬೇಕಾಗಲಿಲ್ಲ. “ಅಂಗಡಿ ಅವಳದು ಕಣಪ್ಪ,” ಎಂದೆ.

ಅವನು ಗೊಣಗುತ್ತ ಟ್ರ್ಯಾಕ್ಟರು ಹತ್ತಿ ಸ್ಟಾರ್ಟ್ ಮಾಡಿದ. ಮತ್ತೆ ಇಳಿದ. ಹಿಂದೆ ಹೋಗಿ ಕೊಂಡಿಯ ಪಿನ್ನು ಎಳೆದ, ಟ್ರೇಲರನ್ನು ನಮ್ಮ ಅಂಗಳದಲ್ಲೇ ಬಿಟ್ಟು ಬರಿ ಟ್ರ್ಯಾಕ್ಟರಿನಲ್ಲಿ ಊರ ಕಡೆ ಹೊರಟ.