ಗೆಣಸಿನ ಗುಂಡಿ ಮುಚ್ಚಿ ಹೋದವನು

ಆ ಬೆಟ್ಟದ ಕಾಡಿನಲ್ಲಿ ಒಬ್ಬ ಮನುಷ್ಯ ಬರಿಗೈಯಲ್ಲಿ ಎಷ್ಟು ದಿನ ಬದುಕಬಹುದು ಎಂಬ ವಾದ ಎನ್. ಬೇಗೂರಿನ ಟೀ ಅಂಗಡಿಯ ಮುಂದೆ ಎದ್ದಾಗ, ಎಲ್ಲರಿಗಿಂತ ಜೋರಾಗಿ ಮಾತಾಡಿದವಳು ನಾನೇ. ಮೂರು ದಿನ ಎಂದೆ. ಹೆಚ್ಚೆಂದರೆ ನಾಲ್ಕು. ನರ್ಸ್ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ದಾಟಿತ್ತು. ನೀರಿಲ್ಲದ ಮೈ ಹೇಗೆ ಸೋಲುತ್ತದೆ, ಹಾವು ಕಚ್ಚಿದ ಕಾಲು ಎಷ್ಟು ಹೊತ್ತಿಗೆ ಊದುತ್ತದೆ, ಎಲ್ಲವನ್ನೂ ಬೆರಳು ಮಡಿಸಿ ಹೇಳಿದೆ. ಕೂತಿದ್ದವರು ತಲೆದೂಗಿದರು. ಯಾರಾದರೂ ತಲೆದೂಗಿದರೆ ನನಗೆ ಇನ್ನಷ್ಟು ಮಾತು ಬರುತ್ತದೆ, ಅದು ಹುಟ್ಟುಗುಣ.

ನಾನು ಹುಣಸೂರು ಕಡೆ ಗುರುಪುರದವಳು. ನಮ್ಮದು ಹೊಗೆಸೊಪ್ಪು, ರಾಗಿ ಬೆಳೆಯುವ ಮನೆ. ನಮಗೆ ಕಾಡು ಎಂದರೆ ಹೊಲಕ್ಕೆ ಬರುವ ಆನೆ, ಅಷ್ಟೇ. ಅದನ್ನು ಓಡಿಸಲು ಡಬ್ಬ ಬಡಿಯುವುದು ಗೊತ್ತು, ಅದರ ಹಿಂದೆ ಒಳಗೆ ಹೋಗುವುದು ಗೊತ್ತಿಲ್ಲ. ಒಳಗೆ ಹೋಗದೆ ಇರುವುದೇ ಬುದ್ಧಿವಂತಿಕೆ ಎಂದು ನಮ್ಮಜ್ಜಿ ವಿಭೂತಿ ಇಡುವಾಗಲೇ ಹೇಳಿಕೊಟ್ಟಿದ್ದಳು. ಹಾಗಾಗಿ ಕೋಟೆ ತಾಲ್ಲೂಕಿಗೆ ವರ್ಗವಾಗಿ ಬಂದ ಮೇಲೂ ನಾನು ಕಾಡನ್ನು ಉಪಕೇಂದ್ರದ ಕಿಟಕಿಯಿಂದಲೇ ನೋಡುತ್ತಿದ್ದೆ.

ವಾದ ಎದ್ದದ್ದು ಹತ್ತಿರದ ಹಾಡಿಯ ಒಬ್ಬನ ಬಗ್ಗೆ. ಜೇನು ಕುರುಬರವನು, ಮೂವತ್ತರ ಆಚೀಚೆ ವಯಸ್ಸು, ಹೆಂಡತಿ, ಒಂದು ಹೆಣ್ಣು ಮಗು. ಗಡಿಯಾಚೆ ಕೇರಳದ ಒಂದು ತೋಟಕ್ಕೆ ಮೆಣಸು ಕೊಯ್ಯಲು ಹೋಗಿದ್ದ. ಮಗುವಿಗೆ ಜ್ವರ ಎಂದು ಮನೆಯಿಂದ ಫೋನ್ ಬಂದಾಗ ಊರಿಗೆ ಹೋಗಿಬರುತ್ತೇನೆ ಎಂದ. ಆಳುಗಳನ್ನು ನೋಡಿಕೊಳ್ಳುವ ರೈಟರ್, ಕೊಯ್ಲು ಮುಗಿಯುವ ತನಕ ಆಗುವುದಿಲ್ಲ ಎಂದ. ಮಾತಿಗೆ ಮಾತು ಬೆಳೆಯಿತು. ಇವನು ಒಮ್ಮೆ ನೂಕಿದ. ಇಳಿಜಾರು ತೋಟ, ರೈಟರ್ ಉರುಳಿ ಹೋಗಿ ಚರಂಡಿಯ ಕಲ್ಲಿಗೆ ತಲೆ ಹೊಡೆದುಕೊಂಡು, ಮುಖವೆಲ್ಲ ರಕ್ತವಾಗಿ, ಅಲ್ಲಾಡದೆ ಬಿದ್ದ. ಸತ್ತೇ ಹೋದರು ಎಂದು ಯಾರೋ ಕೂಗಿದರು. ಇವನು ಕೈಯಲ್ಲಿದ್ದ ಕತ್ತಿಯನ್ನು ಅಲ್ಲೇ ಬಿಸಾಕಿ, ನಮ್ಮ ಬೆಟ್ಟದವರೆಗೂ ಹಬ್ಬಿದ ಕಾಡಿನೊಳಕ್ಕೆ ಓಡಿದ. ಜೊತೆಗಿದ್ದವರೂ ಹೆದರಿ ಊರಿಗೆ ಬಂದು ಅದೇ ಸುದ್ದಿ ಹೇಳಿದರು.

ಹತ್ತನೆಯ ದಿನ ಅವನ ಅಕ್ಕ ಉಪಕೇಂದ್ರಕ್ಕೆ ಬಂದಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಬಾಗಿಲಲ್ಲೇ ನಿಂತು ಕೇಳಿದಳು.

"ನರ್ಸಮ್ಮ, ಆ ರೈಟ್ರು ನಿಜ್ವಾಗ್ಲೂ ಸತ್ತೋದ್ರಾ? ನಿಮ್ಗೆ ಆಸ್ಪತ್ರೆಯೋರೆಲ್ಲ ಗೊತ್ತಲ್ಲ, ಒಸಿ ಕೇಳ್ನೋಡಿ."

ನನ್ನ ಜೊತೆ ತರಬೇತಿ ಮುಗಿಸಿದವಳೊಬ್ಬಳು ಮಾನಂತವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳಿಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ರೈಟರ್ ಸತ್ತಿರಲಿಲ್ಲ. ತಲೆಗೆ ಎಂಟು ಹೊಲಿಗೆ, ಮುರಿದ ಬಲಗಾಲಿಗೆ ಪಟ್ಟಿ, ಮನೆಗೆ ಹೋಗಿಯೂ ಆಗಿತ್ತು. ಅದಕ್ಕಿಂತ ಹೆಚ್ಚಿನದು, ಕಾಲು ಜಾರಿ ಬಿದ್ದೆ ಎಂದೇ ಆಸ್ಪತ್ರೆಯಲ್ಲಿ ಬರೆಸಿದ್ದ. ದೂರಿಲ್ಲ, ಕೇಸಿಲ್ಲ, ಯಾವ ಪೊಲೀಸರೂ ಇವನನ್ನು ಹುಡುಕುತ್ತಿರಲಿಲ್ಲ. ಆಗದೇ ಇದ್ದ ಕೊಲೆಗೆ ಆ ಪುಣ್ಯಾತ್ಮ ತಲೆಮರೆಸಿಕೊಂಡಿದ್ದ. ನನಗೆ ಎಂಥ ಸಿಟ್ಟು ಬಂತೆಂದರೆ, ಯಾರ ಮೇಲೆ ತೋರಿಸುವುದೆಂದು ತಿಳಿಯದೆ ಕೈಯಲ್ಲಿದ್ದ ರಿಜಿಸ್ಟರನ್ನು ಮೇಜಿಗೆ ಕುಕ್ಕಿದೆ.

ಅಕ್ಕ ಮಾತ್ರ ಅಳಲೂ ಇಲ್ಲ, ನಗಲೂ ಇಲ್ಲ. "ಅಂಗಾರೆ ಅವನ್ಗೆ ಯೋಳ್ಬೇಕು," ಎಂದಳು.

ಯಾರಿಗೆ ಹೇಳುವುದು? ಮೂರು ದಿನ ಎಂದು ಟೀ ಅಂಗಡಿಯಲ್ಲಿ ಸಾರಿದ್ದವಳು ನಾನು. ಹತ್ತು ಕಳೆದಿತ್ತು. ಅದನ್ನು ಅವಳ ಮುಖ ನೋಡಿ ಹೇಳಲಾಗದೆ, ಅರಣ್ಯ ಇಲಾಖೆಯವರಿಗೆ ತಿಳಿಸೋಣ, ನಾಲ್ಕು ಜನ ಹುಡುಕಲಿ ಎಂದೆ.

"ಬ್ಯಾಡಿ. ಬೂಟ್ ಸದ್ದು ಕೇಳುದ್ರೆ ಅವ್ನು ಇನ್ನೂ ಒಳಿಕ್ಕೋಯ್ತಾನೆ. ಅವ್ನು ಬದ್ಕವ್ನೆ ನರ್ಸಮ್ಮ, ಅದು ನಂಗೊತ್ತು. ಕೊಂದೋನು ಅಂತ ತಿಳ್ಕಂಡು ಬದ್ಕವ್ನೆ. ಒಬ್ಬನೇ ಕುಂತು ಅದ್ನೇ ನೆನಿತಾ ಇದ್ರೆ ಏನ್ ಮಾಡ್ಕೊತಾನೋ, ಅದೇ ನಂಗೆ ಭಯ."

ಮಾರನೆಯ ದಿನ ಭಾನುವಾರ. ಅವಳು ಹೊರಟಾಗ ನಾನೂ ಹೊರಟೆ. ಧೈರ್ಯದಿಂದಲ್ಲ. ಅವಳಿಗೆ ಹೆಣ ಸಿಕ್ಕರೆ ಪಕ್ಕದಲ್ಲಿ ಒಬ್ಬರಿರಲಿ ಎಂದು. ಹಾಡಿಯವರು ಸೀಗೆಕಾಯಿ ತರಲು ಹೋಗುವ ದಾರಿಯಲ್ಲೇ ನಡೆದೆವು. ಬೆಟ್ಟದ ಸೆರಗು ಶುರುವಾದ ಮೇಲೆ ದಾರಿ ಎನ್ನುವುದು ಅವಳಿಗೆ ಮಾತ್ರ ಕಾಣುತ್ತಿತ್ತು. ಬಿದಿರು ಒಣಗಿ ನಿಂತಿತ್ತು, ಹಳ್ಳದಲ್ಲಿ ಕಲ್ಲು ಬಿಟ್ಟರೆ ಏನಿಲ್ಲ. ನಾನು ಎರಡು ಕಡೆ ಜಾರಿ ಬಿದ್ದೆ, ಒಂದು ಕಡೆ ಚಪ್ಪಲಿ ಕಿತ್ತಿತು. ಅವಳು ಹಳ್ಳದ ತಿರುವಿನಲ್ಲಿ ಮರಳನ್ನು ಮೊಣಕೈ ಆಳ ಬಗೆದು, ಊರಿದ ನೀರನ್ನು ಎಲೆಯಲ್ಲಿ ಮೊಗೆದು ಕೊಟ್ಟಳು. ನೀರಿಲ್ಲದೆ ಸಾಯುತ್ತಾನೆಂದು ಟೀ ಅಂಗಡಿಯಲ್ಲಿ ಮಡಿಸಿದ್ದ ನನ್ನ ಮೊದಲ ಬೆರಳು ಅಲ್ಲಿಗೆ ಬಿಚ್ಚಿಕೊಂಡಿತು.

ಒಂದು ಗುಡ್ಡದ ಮಗ್ಗುಲಲ್ಲಿ ನೆಲ ಅಲ್ಲಲ್ಲಿ ಅಗೆದು ಹೋಗಿತ್ತು. ಮಣ್ಣು ಚೆಲ್ಲಾಪಿಲ್ಲಿ, ಗುಂಡಿ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. "ಕಾಡಂದಿ ಕೆಲ್ಸ," ಎಂದು ದಾಟಿಹೋದಳು. ಹತ್ತು ಹೆಜ್ಜೆ ಮುಂದೆ ಹೋಗಿ ಥಟ್ಟನೆ ಕುಕ್ಕರಗಾಲಲ್ಲಿ ಕೂತಳು. ನನಗೆ ಅಲ್ಲಿ ಏನೂ ಕಾಣಲಿಲ್ಲ. ಒಣ ನೆಲದಲ್ಲಿ ಒಂದಿಷ್ಟು ಹಸಿ ಮಣ್ಣು, ಅದರ ನಡುವೆ ಒಣಗಿದ ಬಳ್ಳಿಯ ಒಂದು ಗೇಣು ತುಂಡು ನಿಂತಿತ್ತು. ಅವಳು ಅದರ ಸುತ್ತ ಬೆರಳಾಡಿಸಿ ನಗತೊಡಗಿದಳು. ಕಣ್ಣಲ್ಲಿ ನೀರು.

ಕಾಡಿನ ಗೆಣಸು ಕೀಳುವುದಕ್ಕೆ ಅವರಲ್ಲಿ ಒಂದು ರೀತಿಯಿದೆ. ಕೆಳಗಿನ ಗಡ್ಡೆಯನ್ನು ಮುರಿದುಕೊಂಡು, ಬಳ್ಳಿ ಅಂಟಿದ ತಲೆಯನ್ನು ಮತ್ತೆ ಗುಂಡಿಗೇ ಇಟ್ಟು, ಮಣ್ಣು ಎಳೆದು, ಕಾಲಲ್ಲಿ ಒತ್ತಿ ಹೋಗಬೇಕು. ಬರುವ ಮಳೆಗೆ ಅದು ಮತ್ತೆ ಚಿಗುರುತ್ತದೆ. ಎಷ್ಟೇ ಹಸಿದಿರಲಿ, ತಲೆ ಇಡದೆ ಎದ್ದು ಹೋಗುವಂತಿಲ್ಲ.

"ಅಂದಿ ಗೆಣ್ಸು ತಿಂದು ಗುಂಡಿ ಮುಚ್ಚಾಕಿಲ್ಲ ನರ್ಸಮ್ಮ," ಎಂದಳು ಅಕ್ಕ.

ಹಾಡಿಯ ಬೇರೆ ಯಾರಾದರೂ ಕಿತ್ತಿರಬಹುದಲ್ಲ ಎಂದೆ. ಸುಮ್ಮನೆ ಒಪ್ಪಿಕೊಂಡರೆ ನಾನು ನಾನಾಗುತ್ತೇನೆಯೇ! ಅವಳು ಗುಂಡಿಯ ಅಂಚು ತೋರಿಸಿದಳು. ಹಾರೆಯ ಗುರುತಿಲ್ಲ, ಚೂಪು ಮಾಡಿದ ಕೋಲಿನ ಗುರುತು. ಹಾಡಿಯವರು ಹಾರೆಯಿಲ್ಲದೆ ಬರುವುದಿಲ್ಲ. ಇನ್ನು ಮಣ್ಣನ್ನು ಒತ್ತಿದ್ದು ಎಡಗಾಲು. "ನನ್ ತಮ್ಮ ಎಡ್ಚ. ಇಂಗೆ ತುಳಿ ಅಂತ ನಾನೇ ಯೋಳ್ಕೊಟ್ಟಿದ್ದು, ಬಲಗಾಲಲ್ಲಿ ತುಳಿದ್ರೆ ತಾನೆ."

ನಾನು ಆ ಹಿಡಿಮಣ್ಣನ್ನು ನೋಡುತ್ತ ನಿಂತೆ. ಓಡುವವನು ಗುರುತು ಬಿಡಬಾರದು. ಗುಂಡಿಯನ್ನು ಹಾಗೇ ಬಿಟ್ಟು ಹೋಗಿದ್ದರೆ ಹಂದಿಯ ಕೆಲಸವೆಂದು ಯಾರಾದರೂ ದಾಟಿಹೋಗುತ್ತಿದ್ದರು. ಅಕ್ಕನೇ ದಾಟಿಹೋಗುತ್ತಿದ್ದಳು. ಕೊಲೆ ಮಾಡಿದೆನೆಂದು ತಿಳಿದು, ಹಿಡಿದರೆ ಜೈಲು ಎಂದು ನಡುಗುತ್ತ, ಹೊಟ್ಟೆಗಿಲ್ಲದೆ, ಕತ್ತಿಯೂ ಇಲ್ಲದೆ ಕೋಲಿನಲ್ಲಿ ಕೆರೆದು ಗೆಣಸು ಕಿತ್ತವನು, ಮುಂದಿನ ವರ್ಷ ಇನ್ಯಾರಿಗೋ ಆಗಲೆಂದು ಬಳ್ಳಿ ನೆಟ್ಟು ಹೋಗಿದ್ದ. ಇಂಥ ತಪ್ಪನ್ನು ಮಾಡಲು ನಮ್ಮ ಕಡೆಯ ಯಾವ ಕಳ್ಳನಿಗೂ ಯೋಗ್ಯತೆಯಿಲ್ಲ. ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ, ಅವನ ಮುಖವೂ ಸರಿಯಾಗಿ ನೆನಪಿಲ್ಲದಿದ್ದಾಗ.

ಆ ಗುಂಡಿಯಿಂದ ಮುಂದೆ ಅವಳು ಅವನನ್ನು ಓದುತ್ತಲೇ ಹೋದಳು. ಇಲ್ಲಿ ಏಡಿ ಹಿಡಿದಿದ್ದಾನೆ, ಇಲ್ಲಿ ನೆಲ್ಲಿಕಾಯಿ ತಿಂದಿದ್ದಾನೆ. ಮೇಲೆ ಒಂದು ಬಂಡೆಯ ಗವಿ, ಆನೆ ಹತ್ತಲಾರದ ಎತ್ತರ. ಅದರೊಳಗೆ ಒಂದು ಬೊಗಸೆಯಷ್ಟು ಬೂದಿ. ಬೆಳಗಿನ ಮಂಜು ಕವಿದಿರುವಾಗ ಮಾತ್ರ ಬೆಂಕಿ ಹಾಕುತ್ತಾನೆ, ಆಗ ಹೊಗೆ ಯಾರಿಗೂ ಕಾಣುವುದಿಲ್ಲ ಎಂದಳು. ಬೂದಿಯ ಸುತ್ತ ತರಗೆಲೆಯನ್ನೆಲ್ಲ ಗುಡಿಸಿ ದೂರ ಹಾಕಿದ್ದ, ಬೇಸಗೆಯ ಕಾಡಿಗೆ ಕಿಡಿ ಹಾರಬಾರದೆಂದು. ಬೂದಿ ಇನ್ನೂ ಬೆಚ್ಚಗಿತ್ತು. ಅಕ್ಕ ಬಾಯಿಗೆ ಕೈ ಹಿಡಿದು ಉದ್ದಕ್ಕೆ ಕೂಗಿದಳು. ಬೆಟ್ಟ ತಿರುಗಿ ಕೂಗಿತು, ಅವನು ಕೂಗಲಿಲ್ಲ.

"ಕೇಳುಸ್ಕೊಂಡವ್ನೆ. ಯಾರೋ ಅಕ್ಕನ್ನ ಇಡ್ಕೊಂಡು ಕೂಗುಸ್ತಾವ್ರೆ ಅನ್ಕೊಂಡವ್ನೆ. ನಿಮ್ ಚಪ್ಲಿ ಸದ್ದು ಕೇಳವ್ನಲ್ಲ."

ಬಯ್ಯದೆ ಬಯ್ದ ಹಾಗಾಯಿತು. ನನ್ನ ಚೀಲದಲ್ಲಿದ್ದ ಕಾಗದದಲ್ಲಿ, ರೈಟರ್ ಬದುಕಿದ್ದಾರೆ, ಕೇಸ್ ಇಲ್ಲ, ಮಗುವಿನ ಜ್ವರ ಬಿಟ್ಟಿದೆ, ಮನೆಗೆ ಬಾ ಎಂದು ದಪ್ಪ ಅಕ್ಷರದಲ್ಲಿ ಬರೆದು, ಮಡಿಸಿ, ಗವಿಯ ಒಂದು ಕಲ್ಲಿನ ಕೆಳಗಿಟ್ಟೆ. ಐದನೆಯ ಕ್ಲಾಸಿನವರೆಗೆ ಓದಿದ್ದವನು. ಅಕ್ಕ ಸೆರಗಿನಲ್ಲಿ ಕಟ್ಟಿ ತಂದಿದ್ದ ಉಪ್ಪನ್ನು ಎಲೆಯಲ್ಲಿ ಸುತ್ತಿಟ್ಟಳು. ಕಾಡಿನಲ್ಲಿ ಎಲ್ಲ ಸಿಗುತ್ತದೆ, ಉಪ್ಪೊಂದು ಸಿಗುವುದಿಲ್ಲವಂತೆ. ಎರಡು ದಿನ ಬಿಟ್ಟು ಅವಳೊಬ್ಬಳೇ ಹೋಗಿ ನೋಡಿಬಂದಳು. ಉಪ್ಪು ಹೋಗಿತ್ತು. ಕಾಗದ ಬಿಚ್ಚಿ, ಓದಿ, ಮತ್ತೆ ಮಡಿಸಿ ಕಲ್ಲಿನ ಕೆಳಗೇ ಇಟ್ಟಿದ್ದ.

"ಕಾಗ್ದದಾಗೆ ಯಾರ್ ಬೇಕಾದ್ರೂ ಬದ್ಕಿರ್ತಾರೆ ನರ್ಸಮ್ಮ," ಎಂದಳು. ವರ್ಷಗಟ್ಟಲೆ ರಿಜಿಸ್ಟರ್ ಬರೆದ ನನಗೆ ಅದು ಮೊದಲೇ ಗೊತ್ತಿರಬೇಕಿತ್ತು.

ರಜೆ ಹಾಕಿ, ಕೋಟೆಗೆ ಬಂದು, ಗಡಿಯ ಬಾವಲಿ ಮೇಲೆ ಮಾನಂತವಾಡಿಗೆ ಹೋಗುವ ಬಸ್ ಹತ್ತಿದೆ. ರೈಟರನ ಮನೆ ಹುಡುಕಿ ಹೋದಾಗ ಅವನು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ. ವಿಷಯ ಕೇಳಿ ಅವನ ಮುಖ ಕೆಂಪಾಯಿತು. ಅವನ ದನಿ ರೆಕಾರ್ಡ್ ಮಾಡಿಕೊಳ್ಳಲು ಫೋನ್ ಹಿಡಿದು, ಬದುಕಿದ್ದೇನೆ ಎಂದು ನಾಲ್ಕು ಒಳ್ಳೆಯ ಮಾತು ಹೇಳಿ ಎಂದೆ. ಒಳ್ಳೆಯ ಮಾತು ಅವನ ಹತ್ತಿರ ಇರಲಿಲ್ಲ, ಪೆದ್ದ, ಮಂಗ ಎಂದು ಮಲಯಾಳ ಬೆರೆಸಿಯೇ ಶುರುಮಾಡಿದ.

"ಎಡಾ ಮಂಡಾ! ನಿನಗೆ ತಲೆ ಉಂಟಾ? ನಾನು ಸತ್ತೆ ಅಂತ ನಿನಗೆ ಯಾರು ಹೇಳಿದ್ದು? ಇಲ್ಲಿ ಕಾಲು ಮುರಿದು ಕೂತಿದ್ದೇನೆ, ನೀನು ಅಲ್ಲಿ ಕಾಡಲ್ಲಿ ಕುರಂಗನ ಹಾಗೆ ಕೂತಿದ್ದೀಯಾ? ನಿನ್ನ ಕತ್ತಿ ಇಲ್ಲೇ ಉಂಟು, ತುಕ್ಕು ಹಿಡೀತಾ ಉಂಟು. ಮಗುವಿಗೆ ಜ್ವರ ಅಂದೆಯಲ್ಲ, ಮಗುವನ್ನು ಯಾರು ನೋಡುವುದು, ನಿನ್ನ ಅಜ್ಜನಾ? ಬಾಡಾ ಈಚೆಗೆ, ಕಳ್ಳಾ!"

ಬಯ್ದು ಮುಗಿಸಿ, ಸೆರಗಿನಂತೆ ಹೆಗಲಿಗಿದ್ದ ತೋರ್ತು ಟವೆಲಿನಿಂದ ಕಣ್ಣು ಒರೆಸಿಕೊಂಡ. ಅವತ್ತು ರಜೆ ಕೊಟ್ಟುಬಿಡಬೇಕಿತ್ತು ಎಂದು ನನಗೊಬ್ಬಳಿಗೆ ಕೇಳುವಂತೆ ಹೇಳಿದ. ಅದನ್ನು ರೆಕಾರ್ಡ್ ಮಾಡಿಕೊಳ್ಳಲಿಲ್ಲ.

ಇಪ್ಪತ್ತಮೂರನೆಯ ದಿನ ಮತ್ತೆ ಬೆಟ್ಟ ಹತ್ತಿದೆವು. ಈ ಸಲ ನಾನು ಬರಿಗಾಲಲ್ಲಿ. ಫೋನಿನ ಸದ್ದು ಸಾಲದೆಂದು ಪೋಲಿಯೊ ಹನಿಗೆ ಕೂಗುವ ಕೈಮೈಕನ್ನು ಉಪಕೇಂದ್ರದಿಂದ ಒಯ್ದಿದ್ದೆ. ಹುಲಿಯಿರುವ ಕಾಡಿನಲ್ಲಿ ಮೈಕು ಹಚ್ಚುವುದು ತಪ್ಪು, ಗೊತ್ತಿತ್ತು. ಯಾರಾದರೂ ಗಾರ್ಡ್ ಹಿಡಿದರೆ ಬಯ್ಸಿಕೊಂಡರಾಯಿತು ಎಂದುಕೊಂಡೆ. ಗವಿಯ ಕೆಳಗೆ ನಿಂತು ಫೋನನ್ನು ಮೈಕಿಗೆ ಹಿಡಿದೆ. ಎಡಾ ಮಂಡಾ ಎಂದು ರೈಟರ್ ಬೆಟ್ಟಕ್ಕೆಲ್ಲ ಕೇಳುವಂತೆ ಗುಡುಗಿದ. ಮರದಲ್ಲಿದ್ದ ಮುಸುವಗಳು ಬೆದರಿ ಧುಮುಕಿದವು. ಯಾರೂ ಬರಲಿಲ್ಲ. ಇನ್ನೊಮ್ಮೆ ಹಚ್ಚಿದೆ. ಅರ್ಧಕ್ಕೆ ಅಕ್ಕ ಕೈಯೆತ್ತಿದಳು.

ನಮ್ಮಿಂದ ಇಪ್ಪತ್ತು ಹೆಜ್ಜೆ ದೂರದ ಮತ್ತಿಮರದ ಪಕ್ಕದಲ್ಲಿ ಅವನು ನಿಂತಿದ್ದ. ಆ ಮರವನ್ನು ನಾನು ಅಷ್ಟು ಹೊತ್ತೂ ನೋಡುತ್ತಿದ್ದೆ. ಸೊರಗಿದ್ದ, ಗಡ್ಡ ಬೆಳೆದಿತ್ತು. ಮೊಣಕಾಲಿನ ಒಂದು ಗಾಯಕ್ಕೆ ಯಾವುದೋ ಸೊಪ್ಪು ಅರೆದು ಮೆತ್ತಿದ್ದ, ಅದು ನಾನು ಕಟ್ಟುವ ಪಟ್ಟಿಗಿಂತ ಚೆನ್ನಾಗಿ ಮಾಗುತ್ತಿತ್ತು. ಹತ್ತಿರ ಹೋಗಿ, ಅಭ್ಯಾಸಬಲದಿಂದ ಕೈ ಹಿಡಿದು ನಾಡಿ ನೋಡಿದೆ. ತುಟಿ ಒಣಗಿಲ್ಲ, ಜ್ವರವಿಲ್ಲ, ನಾಡಿ ಮಾತ್ರ ಓಡುತ್ತಿತ್ತು. ಮೂರು ದಿನ ಎಂದಿದ್ದ ಬಾಯಿಗೆ ಬೇರೆ ಮಾತು ಸಿಗದೆ, ಹೇಗಪ್ಪ ಬದುಕಿದೆ ನೀನು ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆ ಬೇಕಿರಲಿಲ್ಲ. ಅಕ್ಕ ಅವನ ಬೆನ್ನಿಗೆ ಕೈಯಿಟ್ಟಿದ್ದಳು, ಅತ್ತ ಕೂಡ ತಿರುಗಲಿಲ್ಲ. ಫೋನನ್ನೇ ನೋಡುತ್ತಿದ್ದ.

"ಅದು ರೈಟ್ರೇನಾ?"

"ಅವರೇ ಕಣಪ್ಪ."

"ಯಾವಾಗ ಬೈದ್ರು?"

"ಮೊನ್ನೆ. ನಾನೇ ಎದುರಿಗೆ ಕೂತಿದ್ದೆ."

"ಮೊನ್ನೆ," ಎಂದ. ಎರಡು ಸಲ ಹಾಗೆ ಅಂದುಕೊಂಡ. ಆಮೇಲೆ ನೆಲದ ಮೇಲೆ ಕೂತುಬಿಟ್ಟ. ನಾನು ಮೈಕಿಲ್ಲದೆ ಬರಿಯ ಫೋನಿನಲ್ಲಿ ಮೊದಲಿಂದ ಹಚ್ಚಿದೆ. ಮಂಡಾ ಎಂಬಲ್ಲಿ ಅವನ ಹೆಗಲು ಅಲುಗಿತು, ಕಾಲು ಮುರಿದು ಕೂತಿದ್ದೇನೆ ಎಂಬಲ್ಲಿ ಮುಖವನ್ನು ಮೊಣಕಾಲಿಗೆ ಒತ್ತಿಕೊಂಡು ಬಿಕ್ಕಿದ. ಕಳ್ಳಾ ಎಂದು ರೈಟರ್ ಮುಗಿಸಿದ. ಅವನು ತಲೆಯೆತ್ತಿ, ಮುಖವೆಲ್ಲ ಒದ್ದೆಯಾಗಿ, ಕೇಳಿದ.

"ಇನ್ನೊಂದ್ಸಲ ಬೈಸಿ ನರ್ಸಮ್ಮ."