ಪುಟ್ಟಿಯ ಫೈಲು ಮತ್ತು ಶಾಲೆಯ ಗೇಟು

ಮಾಟುಂಗದ ನಮ್ಮ ಬಿಲ್ಡಿಂಗಿನ ನೆಲಮಹಡಿಗೆ ನೀರು ನುಗ್ಗಿದ ಮಧ್ಯಾಹ್ನ, ಎಲ್ಲರೂ ಎದುರಿನ ಶಾಲೆಗೆ ಹೋಗಬೇಕೆಂದು ಸೊಸೈಟಿಯವರು ಹೇಳಿದರು. ನಾನು ನಮ್ಮ ಬೆಕ್ಕು ಪುಟ್ಟಿಯ ಬುಟ್ಟಿಯನ್ನು ಎದೆಗವಚಿಕೊಂಡು ಗೇಟಿಗೆ ಬಂದೆ. ಅಲ್ಲಿನ ವಾಚ್‌ಮನ್ ವಿಜಯಪುರದ ಕಡೆಯವರು.

"ಅಮ್ಮಾರ, ನೀವು ಒಳಗ ಬರ್ರಿ. ಬೆಕ್ಕು ಬ್ಯಾಡ್ರಿ. ಒಂದಕ್ಕ ಬಿಟ್ರ ಎಲ್ಲಾರೂ ತರ್ತಾರ."

"ಹಾಗಾದರೆ ನಾನೂ ಹೊರಗೇ ನಿಲ್ಲುತ್ತೇನೆ ಮಾರಾಯ್ರೆ" ಎಂದೆ. ಮೊಣಕಾಲಿನವರೆಗೆ ನೀರು. ಆದರೆ ಇಂಥ ದಿನಕ್ಕೆಂದೇ ಎರಡು ವರ್ಷದಿಂದ ಬರೆದಿಟ್ಟ ಫೈಲು ನನ್ನ ಚೀಲದಲ್ಲಿತ್ತು! ಪ್ಲಾಸ್ಟಿಕ್ ಕವರಿನಿಂದ ತೆಗೆದು ಅವರ ಕೈಗಿತ್ತೆ. ಚುಚ್ಚುಮದ್ದಿನ ದಿನಾಂಕ, ತಿಂಗಳ ತಿಂಗಳ ತೂಕ, ಎರಡೂ ಮಗ್ಗುಲಿನ ಫೋಟೊ, ಬುಟ್ಟಿಯೊಳಗೆ ಕೂರುವ ಅಭ್ಯಾಸ ಮಾಡಿಸಿದ ದಿನಗಳು, ಅದಕ್ಕೆ ಲಂಚವಾಗಿ ಕೊಟ್ಟ ಒಣ ಸಿಗಡಿ ಎಷ್ಟೆಂಬುದೂ ಅದರಲ್ಲಿತ್ತು.

ಅವರು ಕೊಡೆಯನ್ನು ಕುತ್ತಿಗೆ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಪುಟ ಪುಟ ಓದಿದರು. "ನನ್ನ ಮಗಳ ಲಸಿಕಿ ಕಾರ್ಡೂ ಇಷ್ಟು ಛಂದ ಇಲ್ರಿ!"

ಅಷ್ಟರಲ್ಲಿ ನನ್ನ ಹಿಂದೆ ಎರಡು ನಾಯಿ, ಪಂಜರದಲ್ಲೊಂದು ಗಿಳಿ, ತೊಯ್ದು ತೊಪ್ಪೆಯಾದ ಅವುಗಳ ಯಜಮಾನರು. ಯಾರ ಬಳಿಯೂ ಒಂದು ಚೀಟಿಯಿಲ್ಲ.

ವಾಚ್‌ಮನ್ ತಲೆ ಕೆರೆದುಕೊಂಡರು. "ಇವುಗಳ್ದೂ ನೀವ ಬರ್ಕೋರಿ ಅಮ್ಮಾರ. ಬರ್ದಿದ್ದಷ್ಟ ಒಳಗ. ನಾಲ್ಕನೇತ್ತಾ ಕ್ಲಾಸಿನ ಖೋಲಿ ನಿಮಗ!"

ಬಿ.ಎಡ್. ಮುಗಿಸಿಯೂ ಒಂದು ದಿನವೂ ಪಾಠ ಮಾಡದ ನನಗೆ ಕಡೆಗೂ ಒಂದು ತರಗತಿ ಸಿಕ್ಕಿತು. ಎಲ್ಲವುಗಳ ಹೆಸರು ಬರೆದುಕೊಂಡು, ನಾಯಿಗಳನ್ನು ಹಿಂದಿನ ಬೆಂಚಿಗೆ ಕಳಿಸಿ, ಪುಟ್ಟಿಯ ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಹುರುಪಿನಿಂದ ಹಾಜರಿ ಕರೆದೆ. ಉತ್ತರ ಕೊಟ್ಟದ್ದು ಗಿಳಿಯೊಂದೇ, ಅದೂ ಮರಾಠಿಯಲ್ಲಿ.