ಉಪ್ಪು ನೋಡದ ಬಾವರ್ಚಿ

ಬೀದರಿನ ಹಳೇ ಊರಿನ ಒಂದು ಸಣ್ಣ ಮಸೀದಿಯಲ್ಲಿ, ಕೊನೆಯ ಸಾಲಿನ ಎಡತುದಿಗೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇರುತ್ತಿತ್ತು. ಅದರ ಮೇಲೆ ಕೂತು ನಮಾಜು ಮಾಡುತ್ತಿದ್ದವನು ಅಬ್ದುಲ ಸಮದ. ಮದುವೆ ಅಡುಗೆಯ ಬಾವರ್ಚಿ. ವಯಸ್ಸು ಐವತ್ತೆರಡು, ತೂಕ ನೂರಾ ನಾಲ್ಕು ಕಿಲೊ.

ಎರಡು ವರ್ಷಗಳಿಂದ ಅವನ ಮೊಣಕಾಲು ಮಡಚುತ್ತಿರಲಿಲ್ಲ. ಸಾಲಿನವರೆಲ್ಲ ನೆಲಕ್ಕೆ ಹಣೆ ಹಚ್ಚಿದಾಗ ಅವನು ಕೂತಲ್ಲೇ ಚೂರು ಮುಂದಕ್ಕೆ ಬಾಗುತ್ತಿದ್ದ. ಎದುರಿಗೆ ಬೆನ್ನುಗಳೆಲ್ಲ ಗಾಳಿಗೆ ಮಲಗಿದ ಜೋಳದ ಹೊಲದ ಹಾಗೆ ಕಾಣುತ್ತಿದ್ದವು. ಆ ಹೊಲದಲ್ಲಿ ತಾನೊಬ್ಬ ಬೆರ್ಚಪ್ಪ ಎಂದು ಅವನಿಗೆ ಅನಿಸುತ್ತಿತ್ತು. ಕುರ್ಚಿಯ ಮೇಲೆ ಮಾಡಿದ ನಮಾಜೂ ನಮಾಜೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಇಮಾಮರು ಸಮಾಧಾನ ಹೇಳಿದ್ದರು. ಸಮದ ತಲೆಯಾಡಿಸಿದ್ದ. ಆದರೆ ಅವನ ಹಣೆಗೆ ನೆಲ ಬೇಕಾಗಿತ್ತು.

ಡಿಸೆಂಬರಿನ ಕೊನೆಗೆ ಮಂಗಲಪೇಟೆಯಲ್ಲಿ ಮೂಳೆನೋವಿಗೆ ವ್ಯಾಯಾಮ ಹೇಳಿಕೊಡುವ ಎಡಿತ ಸಿಸ್ಟರ ಹತ್ತಿರ ಹೋದ. ಆಕೆ ಎಕ್ಸರೇ ಬೆಳಕಿಗೆ ಹಿಡಿದು ನೋಡಿದರು. "ಸಮದಭಾಯಿ, ಮಳಕಾಲು ಇನ್ನಾ ಪೂರಾ ಕೆಟ್ಟಿಲ್ಲರಿ. ಮ್ಯಾಲಿನ ಭಾರ ಹೆಚ್ಚಾಗ್ಯದ. ಒಂದು ಹದಿನೈದು ಕಿಲೊ ಇಳಸ್ರಿ, ನೆಲಕ್ಕ ಕೂಡ್ತೀರಿ."

ಹೊಸ ವರ್ಷದ ಮೊದಲ ದಿನ ಸಮದ ತೂಕ ಇಳಿಸುವ ಮಾತನ್ನು ಓಣಿಗೆಲ್ಲ ಹೇಳಿದ. ಹೇಳಿದ್ದೇ ತಪ್ಪಾಯಿತು. ಒಬ್ಬರು ಜೀರಿಗೆ ನೀರು ಎಂದರು, ಇನ್ನೊಬ್ಬರು ಅನ್ನ ಬಿಡು ಎಂದರು, ಹಾಲಿನವನು ಕೂಡ ನಿಂತು ಹೊಟ್ಟೆ ನೋಡಿ ಹೋಗತೊಡಗಿದ. ಒಂಬತ್ತು ದಿನ ಕೋಟೆಯ ಕಂದಕದ ಪಕ್ಕ ನಡೆದ. ಹತ್ತನೇ ದಿನ ಔರಾದಿನಲ್ಲಿ ಮದುವೆ ಅಡುಗೆ ಇತ್ತು. ಅಲ್ಲಿಂದ ಬಂದವನು ಮತ್ತೆ ಕಂದಕದ ಕಡೆ ಹೋಗಲಿಲ್ಲ. ಇಡೀ ವರ್ಷಕ್ಕೆಂದು ಮಾಡಿದ ನಿರ್ಧಾರ ಒಂದು ದಿನ ತಪ್ಪಿದ್ದಕ್ಕೆ ಮುರಿದು ಬಿತ್ತು.

ಅವನ ಕಷ್ಟ ಅವನ ಕಸುಬಿನಲ್ಲೇ ಇತ್ತು. ಡೇಗಿನ, ಅಂದರೆ ಮದುವೆ ಅಡುಗೆಯ ದೊಡ್ಡ ಹಂಡೆಯ, ಮುಂದೆ ನಿಂತವನು ಉಪ್ಪು ನೋಡಲೇಬೇಕು. ಮಾಂಸ ಬೇಯುವಾಗ ಒಮ್ಮೆ, ಮಸಾಲೆ ಹಿಡಿದಾಗ ಒಮ್ಮೆ, ಅಕ್ಕಿ ಇಳಿಸುವ ಮುಂಚೆ ಒಮ್ಮೆ, ಮುಚ್ಚಳ ಬಿಗಿದ ದಮ್ ಒಡೆದ ಮೇಲೆ ಒಮ್ಮೆ. ಒಂದು ಮದುವೆಗೆ ಆರು ಡೇಗು. ಅವನ ಜೊತೆ ಇಪ್ಪತ್ತು ವರ್ಷ ಈರುಳ್ಳಿ ಹೆಚ್ಚಿ, ಮಾಂಸ ತೊಳೆದ ಇಮ್ಮಾನುಯೇಲ ಯಾವಾಗಲೂ ಛೇಡಿಸುತ್ತಿದ್ದ: "ನೀ ಉಪ್ಪು ನೋಡಿದ ಮ್ಯಾಲ ಬೀಗರಿಗಿ ಒಂದು ಪಂಕ್ತಿ ಕಮ್ಮಿ ಬೀಳ್ತದ ನೋಡು."

ರಮಜಾನಿನಲ್ಲಿ ಮಾತ್ರ ವ್ಯವಸ್ಥೆ ಬೇರೆ. ಹಗಲಿಡೀ ರೋಜಾದ ಉಪವಾಸ ಇದ್ದ ಸಮದ ನಾಲಿಗೆಗೆ ಏನೂ ಹಚ್ಚುತ್ತಿರಲಿಲ್ಲ. ಆ ತಿಂಗಳು ಉಪ್ಪು ನೋಡುವುದು ಇಮ್ಮಾನುಯೇಲನ ಕೆಲಸ. ಆದರೆ ಆ ವರ್ಷ ಕ್ರೈಸ್ತರ ಲೆಂಟ್ ವ್ರತದ ನಲವತ್ತು ದಿನವೂ ರಮಜಾನಿನ ತಿಂಗಳೂ ಒಂದೇ ವಾರದಲ್ಲಿ ಶುರುವಾದವು. ಇಮ್ಮಾನುಯೇಲ ಆ ಸಲ ಈಸ್ಟರ್ ತನಕ ಮಾಂಸ ಬಾಯಿಗಿಡುವುದಿಲ್ಲ ಎಂದು ಚರ್ಚಿನಲ್ಲಿ ಮಾತು ಕೊಟ್ಟು ಬಂದಿದ್ದ. ಅದು ಇಬ್ಬರಿಗೂ ಹೊಳೆದದ್ದು ಭಾಲ್ಕಿಯಲ್ಲಿ, ಮುನ್ನೂರು ಜನರ ಇಫ್ತಾರಿನ ಊಟಕ್ಕೆ ಮಾಂಸ-ಗೋಧಿಯ ಹಲೀಮ ಒಲೆಯ ಮೇಲೆ ಕುದಿಯುತ್ತಿದ್ದಾಗ.

ಸಾಯಂಕಾಲ ನಾಲ್ಕಾಗಿತ್ತು. ಸೌಟು ಹಿಡಿದು ಸಮದ ಅವನ ಕಡೆ ಚಾಚಿದ. ಇಮ್ಮಾನುಯೇಲ ಕೈ ಹಿಂದಕ್ಕೆ ಕಟ್ಟಿಕೊಂಡ. ಉಳಿದವನು ಪಾತ್ರೆ ತಂದ ಟೆಂಪೊದ ಮಡೆಪ್ಪ. ಅವನು ಮಾಂಸ ಬಿಟ್ಟು ಹಾಕಿಕೊಂಡ ಕೊರಳಿನ ತುಳಸಿ ಮಾಲೆ ಎತ್ತಿ ತೋರಿಸಿ ದೂರ ಹೋಗಿ ಕೂತ.

"ಒಬ್ಬಂದು ರೋಜಾ, ಒಬ್ಬಂದು ಲೆಂಟು, ಒಬ್ಬಂದು ಮಾಲಿ," ಇಮ್ಮಾನುಯೇಲ ಅಂದ. "ಈ ಹಲೀಮಿಂದು ಉಪ್ಪು ಇನ್ನ ದೇವರೇ ಬಂದು ನೋಡಬೇಕು."

ಸಮದನಿಗೆ ನಗು ಬರಲಿಲ್ಲ. ಅವನ ತಂದೆಯೂ ಬಾವರ್ಚಿ. ರೋಜಾದ ದಿನ ಆತ ಯಾರ ನಾಲಿಗೆಯನ್ನೂ ಕೇಳುತ್ತಿರಲಿಲ್ಲ; ಮಾಂಸ ಎಷ್ಟು, ಗೋಧಿ ಎಷ್ಟು ಎಂದು ಕೇಳಿ, ಒಮ್ಮೆ ಡೇಗಿನ ಸುತ್ತ ನಡೆದು, ಮುಷ್ಟಿ ತುಂಬ ಉಪ್ಪು ಸುರಿಯುತ್ತಿದ್ದ. ಸಮದನೂ ಸುತ್ತು ಹಾಕಿದ. ಮೂರು ಮುಷ್ಟಿ ಹಾಕಿ, ನಾಲ್ಕನೆಯದಕ್ಕೆ ಕೈ ನೀಡಿ, ಅರ್ಧ ಹಾಕಿ ಉಳಿದದ್ದನ್ನು ಡಬ್ಬಿಗೆ ಉದುರಿಸಿದ.

ಇಫ್ತಾರಿನ ಹೊತ್ತಿಗೆ ಖರ್ಜೂರ ಬಾಯಲ್ಲಿಟ್ಟುಕೊಂಡು ಬಾಗಿಲಲ್ಲೇ ನಿಂತ. ಯಾರೂ ಹೊಗಳಲಿಲ್ಲ. ಯಾರೂ ಉಪ್ಪು ಕೇಳಲಿಲ್ಲ. ಎರಡನೇ ಸಲ ತಟ್ಟೆಗಳು ಬಂದವು, ಮೂರನೇ ಸಲವೂ ಬಂದವು.

ವಾಪಸು ಬರುವಾಗ ಟೆಂಪೊದಲ್ಲಿ ಸಮದ ಕೇಳಿದ: "ಅಂದ್ರ ಇಷ್ಟು ವರ್ಷ ನಾ ನೋಡಿದ್ದು ಉಪ್ಪಲ್ಲೇನು?"

"ಊಟ ಮಾಡಿದ್ದಿ," ಎಂದ ಇಮ್ಮಾನುಯೇಲ.

ರಮಜಾನಿನಲ್ಲಿ ಪ್ರತಿದಿನ ನಸುಕಿನಲ್ಲಿ ಆ ದಿನದ ರೋಜಾಕ್ಕೆ ಆ ದಿನವೇ ನಿಯ್ಯತ್ತು ಮಾಡುತ್ತಾರೆ. ಇವತ್ತು ಉಪವಾಸ ಇರುತ್ತೇನೆ ಎಂಬ ಸಂಕಲ್ಪ, ಅಷ್ಟೇ. ಈದ್ ಮುಗಿದ ಮರುದಿನ ಚಹಾ ಕುಡಿಯುವ ಮುಂಚೆ ಸಮದ ಹಾಗೇ ಇನ್ನೊಂದು ನಿಯ್ಯತ್ತು ಮಾಡಿದ: ಇವತ್ತು ಸೌಟು ಬಾಯಿಗೆ ತರುವುದಿಲ್ಲ, ತಟ್ಟೆಗೆ ಎರಡನೇ ಸಲ ಬಡಿಸಿಕೊಳ್ಳುವುದಿಲ್ಲ, ಅರ್ಧ ತಾಸು ನಡೆಯುತ್ತೇನೆ. ಓಣಿಗೆ ಹೇಳಲಿಲ್ಲ. ಹೆಂಡತಿ ಶಮೀಮಳಿಗೂ ಇಮ್ಮಾನುಯೇಲನಿಗೂ ಮಾತ್ರ ಹೇಳಿದ.

ಸಂತಪುರದ ಮದುವೆಯಲ್ಲಿ ಅವನ ಬಲಗೈ ತಾನಾಗಿಯೇ ಸೌಟಿಗೆ ಹೋಯಿತು. ಈರುಳ್ಳಿಯಿಂದ ತಲೆ ಎತ್ತದೆ ಇಮ್ಮಾನುಯೇಲ ಕೇಳಿದ, "ಇವತ್ತಿಂದು ನಿಯ್ಯತ್ತು ಮಾಡೀದಿಲ್ಲ?" ಕೈ ಕೆಳಗಿಳಿಯಿತು. ಆಮೇಲೆ ಅದೇ ಅವರ ಸಲಾಮಾಯಿತು. ಕೆಲಸ ಇರದ ದಿನವೂ ಮುಂಜಾನೆ ಫೋನು ಬರುತ್ತಿತ್ತು: ಇವತ್ತಿಂದು ಆತೇನು? ಆತು. ಇಟ್ಟುಬಿಡುತ್ತಿದ್ದರು.

ಏಪ್ರಿಲ್ ಕೊನೆಗೆ ಎಡಿತ ಸಿಸ್ಟರ ತೂಕದ ಯಂತ್ರ ತೊಂಬತ್ತಾರು ತೋರಿಸಿತು. ಆಮೇಲೆ ಕಮಲನಗರದಲ್ಲಿರುವ ಮಗಳು ಇರಮಳ ಮನೆಗೆ ಹೋದ. ಅವಳು ತವರಿನ ಮಾತು ಕೇಳುವ ಆಸೆಗೆ ಅಪ್ಪನನ್ನು ಎದ್ದು ಹೋಗಲು ಬಿಡಲಿಲ್ಲ. ಮಾತಿನ ಜೊತೆ ಪರಾಟೆ, ಪರಾಟೆಯ ಜೊತೆ ಖೀಮಾ ಬರುತ್ತಲೇ ಇದ್ದವು. ನಾಲ್ಕು ದಿನ ಸಮದ ಫೋನು ಎತ್ತಲಿಲ್ಲ. ಮನೆಗೆ ಬಂದ ಮೇಲೂ ಎಡಿತ ಸಿಸ್ಟರ ಬಾಗಿಲು ತಪ್ಪಿಸಿ ಬೇರೆ ದಾರಿಯಲ್ಲಿ ಓಡಾಡಿದ. ಜನವರಿಯದೇ ಕಥೆ ಮತ್ತೆ ಶುರುವಾಯಿತು ಎಂದು ಶಮೀಮಳ ಮುಂದೆ ಹೇಳಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಶಮೀಮ ಸಿಟ್ಟಾಗಲಿಲ್ಲ. ಸೊಪ್ಪು ಸೋಸುತ್ತ, ಒಂದು ರೋಜಾ ಮುರಿದರೆ ರಮಜಾನೇ ಮುಗಿಯಿತು ಎಂದು ಯಾರಾದರೂ ಕೈ ತೊಳೆದುಕೊಳ್ಳುತ್ತಾರಾ ಎಂದು ಕೇಳಿದಳು. ತಾನು ಪ್ರತಿ ಹೆರಿಗೆಯಲ್ಲೂ ರೋಜಾ ಬಿಟ್ಟಿದ್ದೇನೆ, ಆಮೇಲೆ ಅದರ ಬದಲಿಗೆ ಒಂದೊಂದೇ ದಿನ ಕಜಾ ರೋಜಾ ಇಟ್ಟು ತೀರಿಸಿದ್ದೇನೆ ಎಂದಳು. ತಪ್ಪಿದ್ದು ನಾಲ್ಕು ದಿನ. ನಾಲ್ಕು ದಿನ ಸಂಜೆಯ ಊಟಕ್ಕೆ ಬರೀ ಸೊಪ್ಪು, ಮಜ್ಜಿಗೆ. ಅಲ್ಲಿಗೆ ತೀರಿತು ಎಂದಳು.

ಸಮದ ಅದನ್ನು ತೀರಿಸಿದ. ಐದನೇ ದಿನ ತಾನೇ ಇಮ್ಮಾನುಯೇಲನಿಗೆ ಫೋನು ಮಾಡಿದ.

ಜೂನಿನಲ್ಲಿ ತೊಂಬತ್ತೊಂದಾಯಿತು. ಹದಿನೈದಕ್ಕೆ ಇನ್ನೂ ಎರಡು ಕಡಿಮೆ. ಆದರೂ ಎಡಿತ ಸಿಸ್ಟರು ಮನೆಯಲ್ಲಿ ಕೌದಿ ಹಾಸಿಕೊಂಡು ಪ್ರಯತ್ನ ಮಾಡಲು ಹೇಳಿದರು. ಮೊದಲ ದಿನ ಮೊಣಕಾಲೂರಿದವನು ಏಳಲಾಗದೆ ಅಲ್ಲೇ ಉಳಿದ. ಶಮೀಮ ನಗುತ್ತ ರಟ್ಟೆ ಹಿಡಿದು ಎತ್ತಿದಳು. ಎರಡು ವಾರದ ಮೇಲೆ ಅವಳು ಬರುವ ಮುಂಚೆಯೇ ಎದ್ದಿರುತ್ತಿದ್ದ.

ಒಂದು ಬುಧವಾರ, ಮಳೆ ಬಂದು ನಿಂತ ಮೇಲೆ, ಸಾಯಂಕಾಲದ ಅಸರ್ ನಮಾಜಿಗೆ ಹೋದ. ಕೆಂಪು ಕುರ್ಚಿಯನ್ನು ಗೋಡೆಗೆ ಸರಿಸಿ ಸಾಲಿನಲ್ಲಿ ನಿಂತ. ಎಲ್ಲರೂ ಬಾಗಿದಾಗ ಬಾಗಿದ. ಎಲ್ಲರೂ ಇಳಿದಾಗ ಮೊದಲು ಎಡಗೈ, ಆಮೇಲೆ ಎಡಮೊಣಕಾಲು, ಆಮೇಲೆ ಬಲದ್ದು ಊರಿದ. ನೋವು ಇತ್ತು. ಹಣೆ ಚಾಪೆಗೆ ಮುಟ್ಟಿತು. ಒದ್ದೆ ಪಾದಗಳ ವಾಸನೆ, ಹಳೇ ನಾರಿನ ವಾಸನೆ. ಯಾರ ಬೆನ್ನೂ ಕಾಣಲಿಲ್ಲ. ಏಳುವಾಗ ಉಳಿದವರಿಗಿಂತ ತಡವಾಯಿತು. ಯಾರೂ ತಿರುಗಿ ನೋಡಲಿಲ್ಲ.

ಮನೆಗೆ ಬಂದಾಗ ಶಮೀಮ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಿ ನೋಡಿದಳು. ಅವನ ಹಣೆಯ ಮೇಲೆ ಚಾಪೆಯ ನೇಯ್ಗೆಯ ಗೆರೆಗಳು ಇನ್ನೂ ಅಳಿಸಿರಲಿಲ್ಲ. ಅವಳ ಕೈ ಹಿಟ್ಟಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಎಂದಿನ ಹಾಗೆ ಒಂದೂವರೆ ರೊಟ್ಟಿ, ಸೊಪ್ಪಿನ ಪಲ್ಯ ಹಾಕಿ ತಟ್ಟೆ ಮುಂದಿಟ್ಟಳು.

"ನಾಳಿಗಿ ಭಾಲ್ಕಿದು ಮದುವಿ ಅದ," ಅಂದಳು. "ಆರು ಡೇಗು. ಹ್ಯಾಂಗ ಮಾಡ್ತೀರಿ?"

"ನಾಳಿಂದು ನಾಳಿ ಮಾಡ್ತೇನಿ," ಎಂದು ಸಮದ ರೊಟ್ಟಿ ಮುರಿದ.